ಗಡಗಡೆ, ಹಗ್ಗ ಮತ್ತು 50 ಅಂಕ

ಜೂನ್ 15, 2024, ಶನಿವಾರ
ರೆಡಿಂಗ್, ಇಂಗ್ಲೆಂಡ್

ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗುವ ಕೆಲಸ ಇವರ ತಲೆಗೆ ಕಟ್ಟಿ, ನಾನು ಅಡುಗೆಮನೆ ಟೇಬಲ್ ಮೇಲೆ ಪುಸ್ತಕ ಹರಡಿಕೊಂಡು ಕೂತೆ. ಮುಂದಿನ ವಾರ ಎ-ಲೆವೆಲ್ ಗಣಿತದ ಮೂರನೇ ಪೇಪರ್. ಎ-ಲೆವೆಲ್ ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ, ಹದಿನೆಂಟರ ಮಕ್ಕಳು ಬರೆಯುವುದು. ಅವರ ಮಧ್ಯೆ ಮೂವತ್ತೇಳರ ನಾನು.

ಮೊದಲೆರಡು ಪೇಪರ್ ಮುಗಿದವು. ಅವು ಪೂರ್ತಿ ಗಣಿತ. ಅಲ್ಲಿ ತಪ್ಪಾದರೂ ಎಲ್ಲಿ ತಪ್ಪಿದೆ ಅಂತ ಮನೆಗೆ ಬಂದ ಮೇಲಾದರೂ ಗೊತ್ತಾಗುತ್ತದೆ. ಮೂರನೆಯದು ಬೇರೆ ಜಾತಿಯದು. ನಾನು ಕಟ್ಟಿರುವ ಎಡೆಕ್ಸೆಲ್ ಬೋರ್ಡಿನಲ್ಲಿ ಅದಕ್ಕೆ ಎರಡು ಗಂಟೆ, 100 ಅಂಕ. 50 ಸ್ಟ್ಯಾಟಿಸ್ಟಿಕ್ಸಿಗೆ, 50 ಮೆಕ್ಯಾನಿಕ್ಸಿಗೆ, ಅಂದರೆ ಬಲ, ಚಲನೆಗಳ ಲೆಕ್ಕಕ್ಕೆ. ಸ್ಟ್ಯಾಟಿಸ್ಟಿಕ್ಸ್ ನನ್ನ ತವರುಮನೆ, ಬಿಕಾಂ ಓದಿದವಳು ನಾನು. ಇನ್ನೊಂದು 50 ಇದೆಯಲ್ಲ, ಅದು ಅತ್ತೆಮನೆಯೂ ಅಲ್ಲ, ಯಾರದೋ ಮನೆ.

ನಿಜ ಹೇಳಬೇಕೆಂದರೆ ಸಾಗರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಕಾಮರ್ಸ್ ತಗೊಂಡಿದ್ದೇ ಫಿಸಿಕ್ಸಿನಿಂದ ತಪ್ಪಿಸಿಕೊಳ್ಳಲು. ವೇಗೋತ್ಕರ್ಷ (ವೇಗ ಬದಲಾಗುವ ದರ) ಅನ್ನುವ ಪದ ಕೇಳಿದರೇ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ರಾಶಿ ಬೇರೆ, ತೂಕ ಬೇರೆ ಅಂತ ಮೇಷ್ಟ್ರು ಹೇಳಿದ ದಿನವೇ ನಾನು ಕೈ ಬಿಟ್ಟೆ. ಅಂಗಡಿಯಲ್ಲಿ ತೂಕ ಎಷ್ಟು ಅಂದರೆ ಎರಡು ಕೆಜಿ ಅಂತಾರೆ, ಪುಸ್ತಕದಲ್ಲಿ ಹಾಗೆ ಬರೆದರೆ ಸೊನ್ನೆ. ಅಲ್ಲಿ ಕೆಜಿ ಅನ್ನುವುದು ರಾಶಿ, ವಸ್ತುವಿನಲ್ಲಿರುವ ದ್ರವ್ಯದ ಮೊತ್ತ; ತೂಕ ಅಂದರೆ ಅದನ್ನು ಭೂಮಿ ಎಳೆಯುವ ಬಲ, ಅದರ ಅಳತೆ ನ್ಯೂಟನ್ನಿನಲ್ಲಿ. ನಮ್ಮ ಕಡೆ ರಾಶಿ ಅಂದರೆ ಜಾಸ್ತಿ ಅಂತ ಅರ್ಥ. ರಾಶಿ ಮಳೆ, ರಾಶಿ ಜನ. ಈ ರಾಶಿ ಯಾವುದಪ್ಪ ಅಂತ ಅವತ್ತು ಕೇಳುವ ಧೈರ್ಯ ಬರಲಿಲ್ಲ.

ಸೂತ್ರ ಬಾಯಿಪಾಠ ಮಾಡು ಸಾಕು ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಅದೂ ಬೇಡ. ವಿ ಸಮ ಯು ಪ್ಲಸ್ ಎಟಿ (ಕೊನೆಯ ವೇಗ ಅಂದರೆ ಮೊದಲ ವೇಗಕ್ಕೆ ವೇಗೋತ್ಕರ್ಷ ಗುಣಿಸು ಸಮಯ ಕೂಡಿದ್ದು), ಅದರ ಅಕ್ಕತಂಗಿಯರು, ಐದೂ ಸೂತ್ರಗಳನ್ನು ಪರೀಕ್ಷೆಯಲ್ಲಿ ಕೊಡುವ ಪುಸ್ತಿಕೆಯಲ್ಲೇ ಅಚ್ಚು ಹಾಕಿರುತ್ತಾರೆ. ಸೂತ್ರ ಎದುರಿಗೇ ಇದ್ದರೂ ಏನು ಮಾಡಬೇಕು ಅಂತ ಹೊಳೆಯುವುದಿಲ್ಲ, ನನ್ನ ಕಷ್ಟ ಅದು. ಫೆಬ್ರವರಿಯಲ್ಲಿ ಮೊದಲ ಸಲ ಹಳೆಯ ಪೇಪರ್ ಬಿಡಿಸಿದಾಗ ಈ ಭಾಗದಲ್ಲಿ 50ಕ್ಕೆ 14 ಬಂತು. ಇವರಿಗೆ ತೋರಿಸಿದೆ. "ಅಯ್ಯೋ, ಇದೆಲ್ಲ ಕಾಮನ್ ಸೆನ್ಸ್ ಕಣೇ" ಅಂದರು. ಇವರು ಇಂಜಿನಿಯರ್. ಆವತ್ತು ರಾತ್ರಿ ಚಪಾತಿ ಸ್ವಲ್ಪ ಸೀದಿತ್ತು, ಬೇಕಂತ ಅಲ್ಲ.

ಆ ಕಾಮನ್ ಸೆನ್ಸೇ ನನ್ನ ಶತ್ರು ಅಂತ ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಚೆಂಡನ್ನು ಮೇಲಕ್ಕೆ ಎಸೆದರೆ ಅದು ಮೇಲೆ ಹೋಗುತ್ತಿರುವಾಗ ಅದರ ಮೇಲೆ ಯಾವ ಬಲ ಇದೆ? ಎಸೆದ ಕೈಯ ಬಲ ಅದರೊಳಗೆ ಇನ್ನೂ ಇದೆ, ಅದು ಖಾಲಿಯಾದಾಗ ಚೆಂಡು ಕೆಳಗೆ ಬರುತ್ತದೆ, ಅಂತಲೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದು. ತಪ್ಪು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕೈ ಬಿಟ್ಟ ಕ್ಷಣದಿಂದ ಭೂಮಿಯ ಎಳೆತ ಬಿಟ್ಟು ಬೇರೇನೂ ಇಲ್ಲ. ತುತ್ತತುದಿಯಲ್ಲಿ ವೇಗ ಸೊನ್ನೆ, ಆದರೆ ವೇಗೋತ್ಕರ್ಷ ಅಲ್ಲೂ 9.8 (ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಬದಲಾಗುತ್ತದೆ), ಅದೂ ಕೆಳಮುಖವಾಗಿ.

ಇದನ್ನು ನನಗೆ ಒಪ್ಪಿಸಿದ್ದು ಯಾವ ವಿವರಣೆಯೂ ಅಲ್ಲ, ಒಂದು ಲೆಕ್ಕ. ಸೆಕೆಂಡಿಗೆ 14.7 ಮೀಟರ್ ವೇಗದಲ್ಲಿ ಚೆಂಡನ್ನು ನೇರ ಮೇಲಕ್ಕೆ ಎಸೆದರೆ 9.8 ಮೀಟರ್ ಎತ್ತರದಲ್ಲಿ ಯಾವಾಗ ಇರುತ್ತದೆ? ಟಿ ಅಂದರೆ ಎಸೆದ ಮೇಲೆ ಕಳೆದ ಸೆಕೆಂಡು, 4.9 ಅಂದರೆ 9.8ರ ಅರ್ಧ. 14.7ಟಿ − 4.9ಟಿ² = 9.8. ಎಲ್ಲವನ್ನೂ 4.9ರಿಂದ ಭಾಗಿಸಿದರೆ ಟಿ² − 3ಟಿ + 2 = 0. ಟಿ ಅಂದರೆ 1, ಇಲ್ಲಾ 2. ಎರಡು ಉತ್ತರ ಬಂದಾಗ ಎಲ್ಲೋ ತಪ್ಪಿದೆ ಅಂತ ಗೆರೆ ಎಳೆದು ಹೊಡೆದುಹಾಕಿದ್ದೆ. ಆಮೇಲೆ ಸುಮ್ನೆ ಕೂತು ನೋಡಿದರೆ, ಒಂದನೇ ಸೆಕೆಂಡಿನಲ್ಲಿ ಮೇಲೆ ಹೋಗುವಾಗ, ಎರಡನೇ ಸೆಕೆಂಡಿನಲ್ಲಿ ಕೆಳಗೆ ಬರುವಾಗ! ಹೋಗುವುದೂ ಬರುವುದೂ ಒಂದೇ ಸಮೀಕರಣದಲ್ಲಿದೆ. ಕೈಯ ಬಲ ಖಾಲಿಯಾಗುವ ಕಥೆಗೆ ಅಲ್ಲಿ ಜಾಗವೇ ಇಲ್ಲ. ನನಗೆ ಹೊಳೆಯದಿದ್ದದ್ದು ಬೀಜಗಣಿತಕ್ಕೆ ಗೊತ್ತಿತ್ತು.

ಅವತ್ತಿನಿಂದ ಫಿಸಿಕ್ಸ್ ಅರ್ಥ ಮಾಡಿಕೊಳ್ಳುವ ಹಟ ಬಿಟ್ಟು ನನಗೆ ಬರುವ ವಿದ್ಯೆಯಲ್ಲೇ ಕೆಲಸ ಶುರು ಮಾಡಿದೆ, ಅಂದರೆ ಖಾತೆ ಬರೆಯುವುದು. ಪ್ರತಿಯೊಂದು ವಸ್ತುವಿಗೂ ಒಂದೊಂದು ಖಾತೆ. ಅದು ಚಲಿಸುವ ದಿಕ್ಕಿಗೆ ಎಳೆಯುವ ಬಲ ಎಲ್ಲ ಜಮಾ, ತಡೆಯುವುದು ಎಲ್ಲ ಖರ್ಚು, ಉಳಿದ ಬಾಕಿ ರಾಶಿ ಗುಣಿಸು ವೇಗೋತ್ಕರ್ಷ. ಒಬ್ಬರ ಖಾತೆಯ ಎಂಟ್ರಿ ಇನ್ನೊಬ್ಬರ ಖಾತೆಗೆ ಹೋಗಬಾರದು. ಇವರಿಗೆ ಹೇಳಿದರೆ ನಕ್ಕರು. ನಗಲಿ.

ಇವತ್ತು ಬೆಳಿಗ್ಗೆ ಪೂರ್ತಿ ಗಡಗಡೆ ಲೆಕ್ಕ. ಪುಸ್ತಕದ ಕನ್ನಡದಲ್ಲಿ ರಾಟೆ. ಒಂದು ಗಡಗಡೆ, ಅದರ ಮೇಲೆ ಹಗ್ಗ, ಒಂದು ತುದಿಗೆ 3 ಕೆಜಿ, ಇನ್ನೊಂದು ತುದಿಗೆ 2 ಕೆಜಿ, ಕೈ ಬಿಟ್ಟರೆ ಏನಾಗುತ್ತದೆ. ಜಾರ್ಜ್ ಆಟ್‌ವುಡ್ ಅನ್ನುವ ಕೇಂಬ್ರಿಜ್ ಮೇಷ್ಟ್ರು ಇಂಥದ್ದೊಂದು ಯಂತ್ರದ ಬಗ್ಗೆ 1784ರಲ್ಲೇ ಬರೆದಿದ್ದಾರೆ. 240 ವರ್ಷದಿಂದ ಮಕ್ಕಳು ಇದೇ ಹಗ್ಗಕ್ಕೆ ಜೋತುಬಿದ್ದಿದ್ದಾರೆ.

ಪ್ರಶ್ನೆಯಲ್ಲಿ ಮೂರು ಪದ ಇರುತ್ತವೆ, ನಾನು ಮೊದಲೆಲ್ಲ ಓದದೇ ದಾಟಿಹೋಗುತ್ತಿದ್ದವು. ಹಗ್ಗ ಹಗುರ, ಹಗ್ಗ ಹಿಗ್ಗುವುದಿಲ್ಲ, ಗಡಗಡೆ ನುಣುಪು. ಅಲಂಕಾರಕ್ಕೆ ಹಾಕಿದ್ದಲ್ಲ ಅವು. ಹಿಗ್ಗುವುದಿಲ್ಲ ಅಂದರೆ ಎರಡೂ ತುದಿಯ ವೇಗೋತ್ಕರ್ಷದ ಅಳತೆ ಒಂದೇ. ಹಗುರ ಮತ್ತು ನುಣುಪು ಅಂದರೆ ಹಗ್ಗದ ಬಿಗಿತ, ಅಂದರೆ ಹಗ್ಗ ಎಳೆಯುವ ಬಲ, ಎರಡೂ ಕಡೆ ಒಂದೇ. ಅಂದರೆ ಆ ಒಂದೇ ಬಿಗಿತ ಎರಡು ಖಾತೆಯಲ್ಲೂ ಕೂರಬೇಕು, 3 ಕೆಜಿಯಲ್ಲಿ ಖರ್ಚು, 2 ಕೆಜಿಯಲ್ಲಿ ಜಮಾ. ಡಬಲ್ ಎಂಟ್ರಿ! ಇದು ಹೊಳೆದಾಗ ಒಬ್ಬಳೇ ಇದ್ದರೂ ಜೋರಾಗಿ ನಕ್ಕಿದ್ದೆ.

3 ಕೆಜಿಯ ಖಾತೆ: 3 × 9.8 − ಬಿಗಿತ = 3 × ವೇಗೋತ್ಕರ್ಷ. 2 ಕೆಜಿಯ ಖಾತೆ: ಬಿಗಿತ − 2 × 9.8 = 2 × ವೇಗೋತ್ಕರ್ಷ. ಎರಡೂ ಸಮೀಕರಣ ಕೂಡಿದರೆ ಬಿಗಿತ ವಜಾ ಆಗಿಹೋಗುತ್ತದೆ, ವೇಗೋತ್ಕರ್ಷ 9.8ರ ಐದನೇ ಒಂದು ಭಾಗ, 1.96. ಬಿಗಿತ 23.52 ನ್ಯೂಟನ್. ಉತ್ತರ 23.5 ಅಂತ ಬರೆಯಬೇಕು, 23.52 ಅಲ್ಲ. 9.8 ಅನ್ನುವುದೇ ಅಂದಾಜು, ಅದನ್ನಿಟ್ಟುಕೊಂಡು ಮಾಡಿದ ಲೆಕ್ಕಕ್ಕೆ ಎರಡೋ ಮೂರೋ ಅಂಕಿಗಿಂತ ಜಾಸ್ತಿ ನಿಖರತೆ ಕೊಡಬಾರದು ಅಂತ ನಿಯಮ. ಪೈಸೆ ಪೈಸೆ ಲೆಕ್ಕ ಒಪ್ಪಿಸಿ ಬೆಳೆದವಳಿಗೆ ಇದು ಸಂಕಟವೇ.

ಹನ್ನೆರಡೂವರೆಗೆ ಅಮ್ಮನಿಗೆ ಫೋನ್ ಮಾಡಿದೆ, ಅಲ್ಲಿ ಸಂಜೆ ಐದು. ನಮ್ಮ ಬಾವಿಯ ಹಗ್ಗ ನೆನೆದಾಗ ಎಷ್ಟು ಭಾರ ಇರುತ್ತಿತ್ತು ಅಂತ ಕೇಳಿದೆ. "ಯಾಕೆ ಮಾರಾಯ್ತಿ, ಅಲ್ಲಿ ನಲ್ಲೀಲಿ ನೀರು ಬರ್ತಿಲ್ವಾ?" ಅಂತ ಗಾಬರಿಯಾದಳು. ಆ ತೆಂಗಿನ ನಾರಿನ ಹಗ್ಗ ಒದ್ದೆಯಾದರೆ ಕೊಡಕ್ಕಿಂತ ಹಗ್ಗವೇ ಭಾರ ಅನಿಸುತ್ತಿತ್ತು. ಹಗುರ ಅನ್ನುವ ಹಾಗೇ ಇರಲಿಲ್ಲ. ಗಡಗಡೆಯಂತೂ ಬೆಳಿಗ್ಗೆ ಐದಕ್ಕೇ ಕಿರ್ರೋ ಅಂತ ಊರನ್ನೆಲ್ಲ ಎಬ್ಬಿಸುತ್ತಿತ್ತು. ಈ ಲೆಕ್ಕ ಮಾಡಿದವರು ಯಾರೂ ನಮ್ಮ ಮನೆಯಲ್ಲಿ ನೀರು ಸೇದಿಲ್ಲ.

ಮಧ್ಯಾಹ್ನ ಇಳಿಜಾರು. ಅಲ್ಲಿ ತೂಕವನ್ನು ಎರಡು ಭಾಗ ಮಾಡುವಾಗ ಯಾವುದಕ್ಕೆ ಸೈನೋ ಯಾವುದಕ್ಕೆ ಕಾಸೋ ಅನ್ನುವ ಗೊಂದಲ ನನಗೆ ಈಗಲೂ ಇದೆ, ಅದಕ್ಕೊಂದು ಉಪಾಯ ಇಟ್ಟುಕೊಂಡಿದ್ದೇನೆ. ಇಳಿಜಾರಿನ ಕೋನ ಸೊನ್ನೆ ಅಂದುಕೊಳ್ಳುವುದು. ಆಗ ಅದು ಮಟ್ಟಸ ನೆಲ, ಪೂರ್ತಿ ತೂಕ ನೆಲದ ಮೇಲೆ, ಸೊನ್ನೆಗೆ 1 ಕೊಡುವುದು ಕಾಸ್, ಹಾಗಾಗಿ ನೆಲವನ್ನು ಒತ್ತುವ ಭಾಗಕ್ಕೆ ಕಾಸ್, ಕೆಳಗೆ ಜಾರಿಸುವ ಭಾಗಕ್ಕೆ ಸೈನ್. ಹತ್ತು ಸೆಕೆಂಡಿನ ಕೆಲಸ. ಗೋಡೆಗೆ ಒರಗಿಸಿದ ಏಣಿಯ ಲೆಕ್ಕವೂ ಮಾಡಿದೆ. ಏಣಿಯ ಬುಡದ ಸುತ್ತ ಮೊಮೆಂಟ್ (ಬಲದ ತಿರುಗಿಸುವ ಪರಿಣಾಮ) ತೆಗೆದುಕೊಂಡರೆ ಬುಡದಲ್ಲೇ ಇರುವ, ಗೊತ್ತಿಲ್ಲದ ಎರಡು ಬಲ ಒಂದೇ ಏಟಿಗೆ ಮಾಯ. ಇಷ್ಟು ಸುಲಭದ್ದನ್ನು ಮೂರು ವಾರ ಮುಟ್ಟಿರಲಿಲ್ಲ.

ಸಂಜೆ ಒಂದು ಗಂಟೆ ಟೈಮರ್ ಇಟ್ಟು ಹಳೆಯ ಪೇಪರಿನ ಮೆಕ್ಯಾನಿಕ್ಸ್ ಭಾಗ ಬರೆದೆ. 50ಕ್ಕೆ 36. ಉತ್ತರ ತಪ್ಪಿದರೂ ಸಮೀಕರಣ ಸರಿಯಾಗಿ ಬರೆದಿದ್ದಕ್ಕೆ ವಿಧಾನದ ಅಂಕ ಸಿಗುತ್ತದೆ, ಅದರಲ್ಲೇ ಏಳೆಂಟು ಬಂದವು. ಕೊನೆಯ ಪ್ರಶ್ನೆ, ಚೆಂಡು ಬೇಲಿ ದಾಟುತ್ತದೋ ಇಲ್ಲವೋ, ಅದಕ್ಕೆ ಟೈಮೇ ಸಾಲಲಿಲ್ಲ.

ಊಟ ಆದ ಮೇಲೆ ಇವರಿಗೆ ಬೆಳಗಿನ ಲೆಕ್ಕ ಹೇಳಿ ಒಂದು ಪ್ರಶ್ನೆ ಹಾಕಿದೆ. ಎರಡೂ ತೂಕ ಓಡುತ್ತಿರುವಾಗ ಗಡಗಡೆಯ ಮೇಲೆ ಬೀಳುವ ಭಾರ ಎಷ್ಟು? ತಟ್ಟೆಯಿಂದ ತಲೆ ಎತ್ತದೇ ಹೇಳಿದರು, "ಮೂರು ಪ್ಲಸ್ ಎರಡು ಐದು, ಐದು ಇಂಟು 9.8, 49 ನ್ಯೂಟನ್. ಕಾಮನ್ ಸೆನ್ಸ್."

ತಪ್ಪು ಅಂದೆ. ಎರಡು ಬದಿಯ ಬಿಗಿತ ಸೇರಿದರೆ 47. ಹಗ್ಗ ಜಾರದ ಹಾಗೆ ಗಡಗಡೆಗೇ ಬಿಗಿದು ನಿಲ್ಲಿಸಿದ್ದರೆ 49 ಸರಿ. ಬಿಟ್ಟ ಮೇಲೆ 3 ಕೆಜಿಯನ್ನು ಹಗ್ಗ ಪೂರ್ತಿ ಹೊರುತ್ತಿಲ್ಲ, 5.88 ಕಡಿಮೆ. 2 ಕೆಜಿಯನ್ನು ಅದರ ತೂಕಕ್ಕಿಂತ 3.92 ಜಾಸ್ತಿ ಎಳೆಯುತ್ತಿದೆ. ವ್ಯತ್ಯಾಸ ಸುಮಾರು 2, ಅಷ್ಟೇ. ಖಾತೆ ತಾಳೆ ಆಗುತ್ತದೆ ನೋಡ್ರೀ ಅಂದೆ.

"ಇರು, ಇರು" ಅಂದರು.

ಈಗ ರಾತ್ರಿ ಹತ್ತು. ಟೇಬಲಿನ ಆ ತುದಿಯಲ್ಲಿ ಇವರು ಮಗಳ ಡ್ರಾಯಿಂಗ್ ಹಾಳೆಯ ಹಿಂದೆ ಮೂರನೇ ಸಲ ಗಡಗಡೆ ಬಿಡಿಸುತ್ತಿದ್ದಾರೆ, ತಟ್ಟೆ ಇನ್ನೂ ಅಲ್ಲೇ ಇದೆ.