ಸಂಜೆ ಐದಕ್ಕೆ ಬಂದವನ ಕೂಲಿ

ಬೈಬಲಿನ ಮತ್ತಾಯ 20ರಲ್ಲಿ ಯೇಸು ಹೇಳೋ ದ್ರಾಕ್ಷಿತೋಟದ ಕಥೆ ಮತ್ತೆ ಓದ್ತಿದ್ದೆ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆವರು ಸುರಿಸಿದವನಿಗೂ ಒಂದು ಬೆಳ್ಳಿ ನಾಣ್ಯ, ಸಂಜೆ ಐದಕ್ಕೆ ಬಂದು ಒಂದೇ ಗಂಟೆ ಕೆಲ್ಸ ಮಾಡಿದವನಿಗೂ ಅಷ್ಟೇ. ಅದು ಆ ಕಾಲದ ಒಂದಿನದ ಕೂಲಿ, ಅಂದ್ರೆ ಯಜಮಾನ ಯಾರಿಗೂ ಕಮ್ಮಿ ಕೊಟ್ಟಿಲ್ಲ, ಮಾತಾಡಿದಷ್ಟು ಪೂರ್ತಿ ಕೊಟ್ಟಿದಾನೆ. ಮಜಾ ಏನಂದ್ರೆ ಕೊನೇಲಿ ಬಂದವ್ರಿಗೇ ಮೊದ್ಲು ಕೊಡಿಸ್ತಾನೆ, ಬೆಳಗ್ಗೆಯವ್ರು ನಿಂತು ನೋಡ್ಬೇಕು, ಆಮೇಲೆ ನಮಗೂ ಅಷ್ಟೇನಾ ಅಂತ ಗೊಣಗ್ತಾರೆ! ಉಲ್ಟಾ ಕೊಟ್ಟಿದ್ರೆ ಅವ್ರು ಖುಷಿಯಾಗಿ ಮನೆಗೆ ಹೋಗಿರೋರು, ಜಗಳಾನೇ ಆಗ್ತಿರ್ಲಿಲ್ಲ. ಅವರ ಸಂಕಟ ತಮ್ಮ ಕೂಲಿದಲ್ಲ, ಪಕ್ಕದವನ ಕೈಗೆ ಬಂದಿದ್ದರದ್ದು.

ನಮ್ದೂ ಅದೇ ಅಲ್ವಾ, ಯಾರೋ ಫ್ರೆಂಡ್ ಗ್ರೂಪಲ್ಲಿ ಪ್ರಮೋಷನ್ ಸುದ್ದಿ ಹಾಕ್ತಾರೆ, ಬೆರಳು ಕಂಗ್ರಾಟ್ಸ್ ಅಂತ ಟೈಪ್ ಮಾಡ್ತಿರತ್ತೆ, ತಲೆ ಒಳಗೆ ಮಾತ್ರ ಇವ್ನು ಜಾಯಿನ್ ಆಗಿದ್ದು ನನಗಿಂತ ಎಷ್ಟು ಲೇಟು ಅನ್ನೋ ಲೆಕ್ಕ ಓಡ್ತಿರತ್ತೆ. ಬೈಬಲಲ್ಲೇ ರೋಮದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ (ರೋಮ 12:15) ಯೇಸುವಿನ ಅಪೊಸ್ತಲ ಪೌಲ ಅಳೋರ ಜೊತೆ ಅಳಿ ಅನ್ನೋಕೆ ಮುಂಚೆ ಸಂತೋಷ ಪಡೋರ ಜೊತೆ ಸಂತೋಷ ಪಡಿ ಅಂತಾನೆ, ನನ್ನ ಕೇಳಿದ್ರೆ ಎರಡ್ರಲ್ಲಿ ಕಷ್ಟದ್ದು ಅದೇನೇ. ಸಾವಿನ ಮನೇಲಿ ಹೋಗಿ ಕೂರೋಕೆ ನಮಗೆ ಬರತ್ತೆ, ಗೆದ್ದವನ ಮನೇಲಿ ಮನಸಾರೆ ನಗೋಕೆ ಬರಲ್ಲ. ಕೊಡೋದೂ ಹಾಗೇ, ಕಷ್ಟದಲ್ಲಿರೋನಿಗೆ ಕೈ ಎತ್ತಿ ಕೊಡ್ತೀವಿ, ಸರಿಸಮ ನಿಂತವನಿಗೆ ಒಂದು ಒಳ್ಳೆ ಮಾತು ಕೊಡೋಕೆ ಜಿಪುಣತನ.

ಸದ್ಯಕ್ಕೆ ನಾನು ಮಾಡ್ತಿರೋದು ಇಷ್ಟೇ, ಹೊಟ್ಟೆ ಉರೀತಿದೆ ಅನ್ನಿಸ್ದಾಗ ಅವರ ಹೆಸರು ಹೇಳಿ ಇವರಿಗೆ ಇನ್ನೂ ಕೊಡು ತಂದೆ ಅಂತ ಪ್ರಾರ್ಥನೆ ಮಾಡ್ತೀನಿ. ಮೊದಲ ಸಾಲು ಹಲ್ಲು ಕಚ್ಕೊಂಡೇ ಬರೋದು ಬಿಡಿ 😄