ರಾಶಿ ಆದ ಮೇಲೆ

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಚಿತ್ರಕಲಾ ಶಿಕ್ಷಕನಾಗಿದ್ದೇನೆ. ಪಾಲಕರ ಬಾಯಿಂದ ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ ಉತ್ತರಕ್ಕೆ ತಡವರಿಸಬೇಕಾಗಿಲ್ಲ. “ರಾಶಿ ಆದ ಮ್ಯಾಲ ಕೊಡ್ತೀನ್ರಿ ಸರ್.” ಬಣ್ಣದ ಡಬ್ಬಿಗೆ, ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ಶುಲ್ಕಕ್ಕೆ, ಸ್ಪರ್ಧೆಗೆ ಹೋಗುವ ಬಸ್ ಚಾರ್ಜಿಗೆ, ಎಲ್ಲದಕ್ಕೂ ಅದೇ ಮಾತು. ರಾಶಿ ಎಂದರೆ ನಮ್ಮ ಕಡೆ ಬೆಳೆ ಕೊಯ್ದು ಕಾಳು ಬೇರೆ ಮಾಡಿ ಮನೆಗೆ ತರುವ ಕೆಲಸ. ಮೊದಮೊದಲು ನಾನು ಅದನ್ನು ನಯವಾಗಿ ಇಲ್ಲವೆನ್ನುವ ರೀತಿ ಎಂದುಕೊಂಡಿದ್ದೆ. ಅದು ಅಕ್ಷರಶಃ ನಿಜವಾದ ಮಾತು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾದವು.

ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತಾರೆ. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮುಂಗಾರಿನ ಹದ ಮಳೆಗೆ, ಅಂದರೆ ಜೂನ್ ಜುಲೈನಲ್ಲಿ ಬಿತ್ತಿದ ತೊಗರಿ ರೈತನ ಕೈಗೆ ಬರುವುದು ಡಿಸೆಂಬರ್ ಜನವರಿಗೆ. ಮಳೆಯನ್ನೇ ನಂಬಿದ ಮನೆಯಲ್ಲಿ ನಾಲ್ಕು ಕಾಸು ಒಟ್ಟಿಗೆ ಕಾಣಿಸುವುದು ವರ್ಷದಲ್ಲಿ ಆ ಒಂದು ಸಲ ಮಾತ್ರ. ಕಾಲೇಜಿನ ಪ್ರವೇಶ, ಹಾಸ್ಟೆಲ್ಲಿನ ಠೇವಣಿ, ಹೊಸ ಪುಸ್ತಕ, ಹೊಸ ಬಣ್ಣ ಇವೆಲ್ಲ ಬರುವುದು ಜೂನ್ ತಿಂಗಳಿಗೆ. ಬೀಜ, ಗೊಬ್ಬರ, ಬಿತ್ತನೆಯ ಕೂಲಿ ಬರುವುದೂ ಅದೇ ಜೂನ್‌ಗೆ. ಆ ತಿಂಗಳು ತಂದೆಯ ಎದುರು ಮಗಳ ಕಾಲೇಜು ಮತ್ತು ಹೊಲ ಎರಡೂ ಕೈಚಾಚಿ ನಿಲ್ಲುತ್ತವೆ. ಹೊಲಕ್ಕೆ ಕೊಡದಿದ್ದರೆ ಮುಂದಿನ ವರ್ಷ ಯಾರಿಗೂ ಕೊಡಲು ಏನೂ ಉಳಿಯುವುದಿಲ್ಲವಾದ್ದರಿಂದ ಹೊಲವೇ ಗೆಲ್ಲುತ್ತದೆ. ಕಲಿಯುವ ಮನಸ್ಸಿದ್ದವರು ಹೇಗಾದರೂ ಕಲಿಯುತ್ತಾರೆ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರಿಗೆ ಒಂದು ಜೂನ್ ತಿಂಗಳನ್ನು ಇಂಥ ಮನೆಯಲ್ಲಿ ಕಳೆಯಿರಿ ಎಂದು ಹೇಳಬೇಕೆನಿಸುತ್ತದೆ. ಇದುವರೆಗೂ ಹೇಳಿಲ್ಲ, ಹಲವು ಸಲ ಆ ಭಾಷಣವನ್ನು ಮಾಡಿದವನು ನಾನೇ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವಳು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ. 2022ರ ಕೊನೆಯಲ್ಲಿ ಪ್ರತಿಭಾ ಕಾರಂಜಿಯ ಚಿತ್ರಕಲಾ ಸ್ಪರ್ಧೆಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಉಳಿದ ಮಕ್ಕಳ ಮುಂದೆ ಪೋಸ್ಟರ್ ಕಲರ್ ಬಾಟಲಿಗಳ ಸಾಲು, ಪ್ಯಾಲೆಟ್, ನೀರಿನ ಮಗ್ಗು. ಅವಳ ಮುಂದೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಹತ್ತಾರು ಕಪ್ಪು ಕಡ್ಡಿಗಳು ಮಾತ್ರ. ಸಂತೆಯ ಚಿತ್ರ ಬರೆಯಬೇಕಿತ್ತು. ಅವಳು ಮೆಣಸಿನಕಾಯಿ ಮಾರುವ ಒಬ್ಬ ಮುದುಕಿಯನ್ನು ಬರೆದಿದ್ದಳು: ಹಣೆಯ ಮೇಲಿನ ಸೆರಗಿನ ನೆರಳು ಮುಖದ ಅರ್ಧಭಾಗಕ್ಕೆ ಬಿದ್ದಿತ್ತು, ತಕ್ಕಡಿ ಹಿಡಿದ ಕೈಯ ನರಗಳು ಉಬ್ಬಿದ್ದವು, ಚೀಲದ ಬಾಯಿಯ ಹತ್ತಿರ ಹಾಳೆಯನ್ನು ಖಾಲಿ ಬಿಟ್ಟು ಬಿಸಿಲನ್ನು ತೋರಿಸಿದ್ದಳು. ಅಂಕಪಟ್ಟಿಯಲ್ಲಿ ‘ವರ್ಣ ಸಂಯೋಜನೆ’ ಎಂಬ ಕಾಲಮ್ ಇತ್ತು. ನಾನು ಅಲ್ಲಿ ಸೊನ್ನೆಗೆ ಸಮೀಪದ ಅಂಕ ಬರೆದೆ. ಬಹುಮಾನ ಬಣ್ಣದ ಬಾಟಲಿಗಳ ಸಾಲಿಗೇ ಹೋಯಿತು. ನಿಯಮ ಹಾಗಿತ್ತು ಎಂದು ಆ ದಿನ ಸಮಾಧಾನ ಮಾಡಿಕೊಂಡೆ, ಈಗ ಆ ಸಮಾಧಾನ ಉಳಿದಿಲ್ಲ.

ಸ್ಪರ್ಧೆ ಮುಗಿದ ಮೇಲೆ ಅವಳನ್ನು ಕರೆದು, ಈ ಇದ್ದಿಲು ಕಡ್ಡಿಗಳನ್ನು ಎಲ್ಲಿ ಕೊಂಡೆಯಮ್ಮ ಎಂದು ಕೇಳಿದೆ. “ಕೊಂಡಿದ್ದಲ್ಲ ರಿ ಸರ್, ತೊಗರಿ ಕಟಗಿ ಸುಟ್ಟು ಮಾಡೀನ್ರಿ” ಎಂದಳು. ನಮ್ಮ ಭಾಗದ ಹಳ್ಳಿಗಳಲ್ಲಿ ರಾಶಿಯ ನಂತರ ಉಳಿಯುವ ತೊಗರಿ ಕಟ್ಟಿಗೆಯೇ ವರ್ಷದ ಉರುವಲು. ಮನೆಯ ಹಿಂದೆ ಅದರ ಬಣವಿ ಇಲ್ಲದ ರೈತನಿಲ್ಲ. ಅವಳು ಬೆರಳಿಗಿಂತ ಸಣ್ಣ ನೇರ ಕಡ್ಡಿಗಳನ್ನು ಆರಿಸಿ, ಸಿಪ್ಪೆ ಕೆರೆದು, ಎಣ್ಣೆಯ ಹಳೆಯ ತಗಡಿನ ಡಬ್ಬಿಯಲ್ಲಿ ಗಾಳಿಯಾಡದಂತೆ ಒತ್ತಿ ತುಂಬುತ್ತಾಳೆ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು, ಅಂಚಿಗೆ ಹಸಿ ಮಣ್ಣು ಮೆತ್ತಿ, ರೊಟ್ಟಿ ಬಡಿದು ಮುಗಿದ ಒಲೆಯ ಕೆಂಡದಲ್ಲಿ ಹೂಳುತ್ತಾಳೆ. ತೂತಿನಿಂದ ಹೊಗೆ ಬರುವುದು ನಿಂತರೆ ಒಳಗೆ ಕಡ್ಡಿ ಬೆಂದಿದೆ ಎಂದರ್ಥ. ಆದರೆ ಡಬ್ಬಿ ಪೂರ್ತಿ ಆರುವವರೆಗೆ ತೆಗೆಯಬಾರದು. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಗಾಳಿ ತಾಗಿ ಎಲ್ಲವೂ ಬೂದಿಯಾಗುತ್ತದೆ. ಎರಡು ಸಲ ಹಾಗೆ ಬೂದಿಯಾದ ಮೇಲೆ ತನಗೆ ತಾನೇ ಇದನ್ನು ಕಲಿತಳಂತೆ. ಪೇಟೆಯಲ್ಲಿ ಚಾರ್ಕೋಲ್ ಎಂದು ಮಾರುವ ಕಡ್ಡಿಯನ್ನು ತಯಾರಿಸುವ ಕ್ರಮವೂ ಸ್ಥೂಲವಾಗಿ ಇದೇ. ನಾನು ಮನೆಗೆ ಬಂದು ಅವಳು ಕೊಟ್ಟ ಎರಡು ಕಡ್ಡಿಗಳಿಂದ ಗೆರೆ ಎಳೆದು ನೋಡಿದೆ. ಮೃದುವಾಗಿ ಹರಿಯುತ್ತವೆ, ತುಸು ಬೇಗ ಮುರಿಯುತ್ತವೆ, ಬೆರಳಿನಿಂದ ಉಜ್ಜಿದರೆ ಬೂದು ಬಣ್ಣ ಸೊಗಸಾಗಿ ಹರಡುತ್ತದೆ.

ಕಾಗದದ ಸಮಸ್ಯೆಯನ್ನೂ ಅವಳು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಳು. ಬಿತ್ತನೆ ಇಲ್ಲದ ದಿನಗಳಲ್ಲಿ ಅವಳ ತಂದೆ ಕಲ್ಲಿನ ಗಣಿಗೆ ಕೂಲಿಗೆ ಹೋಗುತ್ತಾರೆ. ನಮ್ಮಲ್ಲಿ ನೆಲಕ್ಕೆ ಹಾಸುವುದೂ ಹಲವು ಮನೆಗಳ ಮೇಲೆ ಹೊದಿಸುವುದೂ ಶಹಾಬಾದಿನ ಪರಸಿ ಕಲ್ಲನ್ನೇ. ಮೂಲೆ ಒಡೆದು ಮಾರಾಟಕ್ಕೆ ಬಾರದ ಒಂದು ಪರಸಿಯನ್ನು ತಂದೆ ಮನೆಗೆ ತಂದು ಬಚ್ಚಲ ಪಕ್ಕ ನಿಲ್ಲಿಸಿದ್ದರು. ಅದರ ನುಣುಪಾದ ಬೂದು ಮೈಮೇಲೆ ಇದ್ದಿಲು ಚೆನ್ನಾಗಿ ಕೂರುತ್ತದೆ, ಒದ್ದೆ ಅರಿವೆಯಿಂದ ಒರೆಸಿದರೆ ಹೋಗುತ್ತದೆ. ಮೂರು ವರ್ಷ ಅವಳು ದಿನವೂ ಬರೆದು ಒರೆಸಿದ್ದು ಆ ಕಲ್ಲಿನ ಮೇಲೆ. “ಹಾಳಿ ಮ್ಯಾಲ ಬರಿಯಾಗ ಅಂಜಿಕಿ ಆಗ್ತದ ರಿ, ಕಲ್ಲ ಮ್ಯಾಲ ಆಗಲ್ಲ” ಎಂದು ಅವಳು ಹೇಳಿದ್ದನ್ನು ನಾನು ಈಗಲೂ ನೆನೆಯುತ್ತೇನೆ. ಒಂದು ಹಾಳೆಯ ಬೆಲೆ ಗೊತ್ತಿರುವ ಮಗುವಿನ ಕೈ ಹಾಳೆಯ ಮೇಲೆ ಬಿಗಿಯುತ್ತದೆ. ನಮ್ಮ ಶಾಲೆಯಲ್ಲೂ ಇಂಥ ಬಿಗಿದ ಕೈಗಳನ್ನು ನೋಡಿ, ಗೆರೆಯಲ್ಲಿ ಧೈರ್ಯವಿಲ್ಲ ಎಂದು ಎಷ್ಟೋ ಸಲ ಗದರಿದ್ದೇನೆ.

ಅವಳಿಗೆ ಒಬ್ಬ ಅಣ್ಣನಿದ್ದಾನೆ. ಅವನ ಕೈ ಅವಳಿಗಿಂತ ಚೆನ್ನಾಗಿತ್ತು ಎಂದು ಅವಳೇ ಹೇಳುತ್ತಾಳೆ. ಅವನು ಓದುವ ಕಾಲಕ್ಕೆ ಕಲಬುರಗಿಗೆ ಬಂದು ಕಲಿಯಲು ಬಸ್ಸಿಗೆ ದುಡ್ಡಿರಲಿಲ್ಲ. ವಿದ್ಯಾರ್ಥಿ ಪಾಸು ಊರಿನಿಂದ ಕಾಲೇಜಿನ ದಾರಿಗಷ್ಟೇ ಸಲ್ಲುತ್ತಿತ್ತು. ಅವನು ಬೆಂಗಳೂರಿಗೆ ಗುಳೆ ಹೋದವರ ಜೊತೆ ಹೋಗಿ ಕಟ್ಟಡಗಳಿಗೆ ಸುಣ್ಣ ಬಣ್ಣ ಹೊಡೆಯುವ ಕೆಲಸ ಹಿಡಿದ. ತಂಗಿಯ ಸರದಿ ಬರುವಷ್ಟರಲ್ಲಿ, 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಆ ಯೋಜನೆಯ ಬಗ್ಗೆ ಯಾರು ಏನೇ ನಗೆಚಾಟಿಕೆ ಮಾಡಲಿ, ಪಿಯುಸಿಯ ಎರಡೂ ವರ್ಷ ಅವಳು ಭಾನುವಾರ ಕೆಂಪು ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಬಂದು, ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಬರೆದು, ಸಂಜೆಯ ಬಸ್ಸಿಗೆ ಹಿಂದಿರುಗಿದ್ದು ಅದರಿಂದಲೇ ಸಾಧ್ಯವಾಯಿತು. ಅಣ್ಣ ಮತ್ತು ತಂಗಿಯ ನಡುವಿನ ವ್ಯತ್ಯಾಸ ಒಂದು ಟಿಕೆಟ್ಟಿನದು.

ಇಂಥ ಮಕ್ಕಳ ಪ್ರಸಂಗ ಬಂದಾಗ ನಮ್ಮೂರಿನಲ್ಲಿ ಎಲ್ಲರೂ ಎಸ್.ಎಂ. ಪಂಡಿತರ ಹೆಸರು ಹೇಳುತ್ತಾರೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಹೆಸರು ಮಾಡಿದ ಆ ದೊಡ್ಡ ಚಿತ್ರಕಾರರ ಹೆಸರಿನ ರಂಗಮಂದಿರ ಊರಿನ ನಡುವೆಯೇ ಇದೆ. ಆದರೆ ಅವರ ಉದಾಹರಣೆ ಕೊಡುವಾಗ ಒಂದು ಸಂಗತಿಯನ್ನು ಬಿಟ್ಟುಬಿಡುತ್ತೇವೆ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್‌ಗಳನ್ನೂ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದರು. ಕುಂಚ ಹಿಡಿದ ಕೈಗೆ ಆಗ ಕೂಲಿ ಕೊಡುವ ಪೇಟೆಯೊಂದಿತ್ತು. ನಾನು ಕಲಿಯುವ ಕಾಲದವರೆಗೂ ಅದರ ಚೂರುಪಾರು ಉಳಿದಿತ್ತು. ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರಿನ ಪೇಟೆಯ ಪೇಂಟರ್ ಅಂಗಡಿಯೊಂದರಲ್ಲಿ ರಾತ್ರಿ ಬೋರ್ಡಿನ ಅಕ್ಷರ ಬರೆದು ಹಗಲು ಕಲಾಶಾಲೆಗೆ ಹೋದವನು ನಾನು. ಫ್ಲೆಕ್ಸ್ ಬಂದು ಆ ಅಂಗಡಿಗಳನ್ನು ನುಂಗಿತು. ಈಗ ಕಲಾ ವಿದ್ಯಾರ್ಥಿಗಳಿಗೆ ಸಿಗುವ ಕೆಲಸವೆಂದರೆ ಅಂಗನವಾಡಿ, ಶಾಲೆಗಳ ಗೋಡೆಯ ಚಿತ್ರ, ಮದುವೆಮನೆಯ ಮೆಹಂದಿ, ಒಮ್ಮೊಮ್ಮೆ ಮೊಬೈಲಿನಲ್ಲಿ ಕಳಿಸಿದ ಫೋಟೊ ನೋಡಿ ಬರೆದುಕೊಡುವ ಭಾವಚಿತ್ರ. ದುಡಿಯುತ್ತ ಕಲಿ ಎಂದು ಹೇಳುವುದು ಸುಲಭ, ದುಡಿಮೆಯೂ ಕಲಿಕೆಯೂ ಒಂದೇ ಕುಂಚದಿಂದ ಆಗುತ್ತಿದ್ದ ಜಾಗ ಈಗ ಉಳಿದಿಲ್ಲ.

ವಿದ್ಯಾರ್ಥಿವೇತನದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಅದು ಇದೆ, ಸಿಕ್ಕಾಗ ಉಪಕಾರವೂ ಆಗುತ್ತದೆ. ಅವಳ ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಒಂದು ರೀತಿ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದುದರಿಂದ ಅರ್ಜಿ ಒಂದು ವರ್ಷ ನಿಂತಿತು. ಒಂದು ಅಕ್ಷರವನ್ನು ಸರಿಪಡಿಸಲು ತಂದೆ ಮೂರು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆದರು.

ಕಳೆದ ಜೂನ್‌ನಲ್ಲಿ ಅವಳಿಗೆ ಇಲ್ಲಿಯ ದೃಶ್ಯಕಲಾ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ತಂದೆ ನನ್ನೆದುರು ಟವೆಲ್ಲು ಮಡಿಚುತ್ತ ನಿಂತು ಅದೇ ಮಾತು ಹೇಳಿದರು, ರಾಶಿ ಆದ ಮ್ಯಾಲ. ಈ ಸಲ ನಾನು, ಆಗಲಿ, ರಾಶಿ ಆದ ಮೇಲೆಯೇ ಕೊಡಿ ಎಂದೆ. ನಾನು ಮತ್ತು ನಾಲ್ವರು ಸಹೋದ್ಯೋಗಿಗಳು ಎರಡು ವರ್ಷಗಳಿಂದ ಮಾಡುತ್ತಿರುವುದು ಇಷ್ಟೇ: ಜೂನ್‌ನಲ್ಲಿ ಕೈಗಡ ಕೊಡುತ್ತೇವೆ, ಬಡ್ಡಿಯಿಲ್ಲದೆ, ಜನವರಿಯ ಕೊನೆಗೆ ತಿರುಗಿ ತೆಗೆದುಕೊಳ್ಳುತ್ತೇವೆ. ದಾನ ಎಂದರೆ ಈ ಜನ ಮುಖ ತಿರುಗಿಸುತ್ತಾರೆ, ಕೈಗಡ ಎಂದರೆ ಮರ್ಯಾದೆಯಿಂದ ತೆಗೆದುಕೊಳ್ಳುತ್ತಾರೆ. ಇದುವರೆಗೆ ಒಂಬತ್ತು ಮಕ್ಕಳಿಗೆ ಕೊಟ್ಟಿದ್ದೇವೆ. ಏಳು ಮನೆಗಳಿಂದ ಪೂರ್ತಿ ಹಣ ಬಂದಿದೆ. ಎರಡು ಮನೆಗಳಿಂದ ಬಂದಿಲ್ಲ. ಒಬ್ಬ ಹುಡುಗ ಕಾಲೇಜನ್ನೂ ಬಿಟ್ಟು ಹೈದರಾಬಾದಿಗೆ ಹೋದ, ಇನ್ನೊಂದು ಮನೆಯ ಬೆಳೆ ಹೊಲದಲ್ಲಿ ನಿಂತ ಮಳೆನೀರಿಗೆ ಕೊಳೆತುಹೋಯಿತು. 2022ರ ಹಂಗಾಮಿನಲ್ಲಿ ತೊಗರಿಗೆ ಗಿಡವನ್ನೇ ಒಣಗಿಸುವ ನೆಟೆ ರೋಗ ಬಿದ್ದಂತಹ ವರ್ಷ ಮತ್ತೊಮ್ಮೆ ಬಂದರೆ ನಮ್ಮ ಲೆಕ್ಕ ನಿಲ್ಲುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಐದು ಜನ ಮಾಸ್ತರರ ಸಂಬಳದಿಂದ ನಡೆಯುವ ವ್ಯವಹಾರ ಇದು. ಶುಲ್ಕದ ಕಂತೊಂದನ್ನು ಫೆಬ್ರುವರಿಗೆ ಇಟ್ಟರೆ ನಮ್ಮಂಥವರ ಅಗತ್ಯವೇ ಇರುವುದಿಲ್ಲ ಎಂದು ಎರಡು ಕಡೆ ಹೇಳಿ ನೋಡಿದ್ದೇನೆ, ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂದಿದೆ.

ಜನವರಿಯ ಕೊನೆಯ ಭಾನುವಾರ ಅವಳ ತಂದೆ ನಮ್ಮ ಮನೆಗೆ ಬಂದರು. ಎದೆಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟುಗಳನ್ನು ತೆಗೆದು, ನನ್ನ ಹೆಂಡತಿಯ ಎದುರು ಎರಡು ಸಲ ಎಣಿಸಿ ಕೊಟ್ಟರು. ಚಹಾ ಕುಡಿದು ಏಳುವಾಗ, ಅಂಗಳದಲ್ಲಿ ಇನ್ನೊಂದು ಸಾಮಾನಿದೆ ಎಂದು ಹೊರಗೆ ಕರೆದರು. ಹಗ್ಗದಲ್ಲಿ ಬಿಗಿದ ಎರಡು ಕಟ್ಟು ತೊಗರಿ ಕಟ್ಟಿಗೆ, ನೇರವಾದ ಕಡ್ಡಿಗಳನ್ನೇ ಆರಿಸಿದ್ದು. “ಸಾಲ್ಯಾಗ ಹುಡುಗುರಿಗಿ ಬೇಕಾಗ್ತಾವಂತ ಮಗಳು ಹೇಳ್ಯಾಳ ರಿ.” ಕಂಡಕ್ಟರ್ ಅವುಗಳಿಗೆ ಲಗೇಜ್ ಟಿಕೆಟ್ ಹರಿದನೆಂದು ನಕ್ಕರು. ಕಟ್ಟುಗಳು ಈಗ ನಮ್ಮ ಚಿತ್ರಕಲಾ ಕೋಣೆಯ ಮೂಲೆಯಲ್ಲಿವೆ. ಬಿಸಿಯೂಟದ ಅಡುಗೆಯವರನ್ನು ಎಣ್ಣೆಯ ಒಂದು ಖಾಲಿ ಡಬ್ಬಿ ಕೇಳಿದ್ದೇನೆ, ಸೋಮವಾರ ಕೊಡುತ್ತೇವೆ ಎಂದಿದ್ದಾರೆ.