ಫ್ರ್ಯಾಕ್ಟಲ್ ಅರ್ಥವಾಗಬೇಕೆ? 27 ಸೆಂ.ಮೀ. ಗೆರೆ ಎಳೆಯಿರಿ

ಫ್ರ್ಯಾಕ್ಟಲ್, ಅಂದರೆ ಎಷ್ಟು ಹಿಗ್ಗಿಸಿದರೂ ಒಳಗೆ ಅದೇ ಬಗೆಯ ಅಂಕುಡೊಂಕು ಕಾಣುವ ಆಕೃತಿ, ಅಂದಕೂಡಲೇ ಬಣ್ಣಬಣ್ಣದ ಕಂಪ್ಯೂಟರ್ ಚಿತ್ರ ತೋರಿಸುವುದು ರೂಢಿ. ನೋಡಲು ಚೆಂದವೇ, ಆದರೆ ಅದು ಹುಟ್ಟಿದ್ದು ಹೇಗೆಂಬುದು ಅದರಿಂದ ತಿಳಿಯುವುದಿಲ್ಲ. ಫ್ರ್ಯಾಕ್ಟಲ್‌ನಲ್ಲಿ ಮೊದಲು ನಿಯಮ, ಚಿತ್ರ ಆಮೇಲೆ. ಆ ನಿಯಮ ಕೈಗೆ ಹತ್ತಬೇಕಾದರೆ ಪೆನ್ಸಿಲ್ ಹಿಡಿದು ಬರೆದೇ ನೋಡಬೇಕು. ಅದಕ್ಕೆ ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕೋಖ್ 1904ರಲ್ಲಿ ಕೊಟ್ಟ ವಕ್ರರೇಖೆಯೇ ಎಲ್ಲಕ್ಕಿಂತ ವಾಸಿ.

ಎ4 ಹಾಳೆಯನ್ನು ಅಡ್ಡಲಾಗಿಟ್ಟು ಸರಿಯಾಗಿ 27 ಸೆಂ.ಮೀ. ಗೆರೆ ಎಳೆಯಿರಿ. 27 ಯಾಕೆ? ಮೂರರಿಂದ ಮೂರು ಸಲ ಭಾಗಿಸಿದರೂ ಶೇಷ ಉಳಿಯದು: 9, 3, 1. 25 ಹಿಡಿದರೆ ಮೊದಲ ಸಲವೇ 8.33 ಬರುತ್ತದೆ, ಅಂದಾಜಿನ ತಪ್ಪು ಹೆಜ್ಜೆಹೆಜ್ಜೆಗೂ ಬೆಳೆದು ಕೊನೆಗೆ ತುದಿಗಳು ಕೂಡುವುದಿಲ್ಲ.

ಗೆರೆಯನ್ನು 9 ಸೆಂ.ಮೀ.ನ ಮೂರು ತುಂಡಾಗಿ ಗುರುತಿಸಿ. ಕೈವಾರವನ್ನು 9 ಸೆಂ.ಮೀ.ಗೆ ತೆರೆದು, ನಡುತುಂಡಿನ ಎರಡೂ ತುದಿಗಳಿಂದ ಮೇಲ್ಗಡೆ ಕಂಸ ಹಾಕಿ. ಕಂಸಗಳು ಸೇರಿದ ಬಿಂದುವಿಗೆ ಆ ತುದಿಗಳಿಂದ ಎರಡು ಗೆರೆ ಎಳೆದು ಗೋಪುರ ಕಟ್ಟಿ, ನಡುತುಂಡನ್ನು ಅಳಿಸಿ. ಈಗ 9 ಸೆಂ.ಮೀ.ನ ನಾಲ್ಕು ತುಂಡು, ಒಟ್ಟು 36. ನಾಲ್ಕಕ್ಕೂ ಇದನ್ನೇ ಮಾಡಿದರೆ 3 ಸೆಂ.ಮೀ.ನ 16 ತುಂಡು, ಒಟ್ಟು 48. ಮತ್ತೊಮ್ಮೆ ಮಾಡಿದರೆ 1 ಸೆಂ.ಮೀ.ನ 64.

ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಮಲಗಿರುವ ಎರಡು ತುಂಡಿಗೆ ಗೋಪುರ ಕಟ್ಟಿ, ಓರೆಯಾಗಿ ನಿಂತ ಎರಡನ್ನು ಬಿಟ್ಟುಬಿಡುತ್ತಾರೆ. ಇಲ್ಲವೇ ಓರೆ ಗೆರೆಯ ಗೋಪುರವನ್ನು ಒಳಕ್ಕೆ ತಿರುಗಿಸುತ್ತಾರೆ. ಒಂದು ಇರುವೆ ಎಡತುದಿಯಿಂದ ಹೊರಟು ಗೆರೆಯ ಮೇಲೇ ನಡೆಯುತ್ತಿದೆ ಅಂದುಕೊಳ್ಳಿ; ಗೋಪುರ ಯಾವಾಗಲೂ ಅದರ ಎಡಗಡೆಗೇ ಬರಬೇಕು. ನಡುತುಂಡು ಅಳಿಸಲು ಮರೆತರೆ ಉಳಿಯುವುದು ತ್ರಿಭುಜಗಳ ರಾಶಿ, ಒಂದೇ ಎಳೆಯ ರೇಖೆ ಅಲ್ಲ.

ಇರುವೆಯ ನಡಿಗೆಯನ್ನೇ ಪ್ರೋಗ್ರಾಂ ಆಗಿಯೂ ಬರೆಯಬಹುದು: ಮುಂದೆ, ಎಡಕ್ಕೆ 60 ಡಿಗ್ರಿ, ಮುಂದೆ, ಬಲಕ್ಕೆ 120, ಮುಂದೆ, ಎಡಕ್ಕೆ 60, ಮುಂದೆ. ಗೋಪುರದ ತುದಿಯ ಕೋನ 60 ತಾನೇ ಎಂದು ಅಲ್ಲೂ 60 ಬರೆದರೆ ಚಿತ್ರ ಕೆಟ್ಟಿತು. ಇರುವೆ ತಿರುಗುವುದು ಹೊರಕೋನದಷ್ಟು, ಅಂದರೆ 180ರಲ್ಲಿ 60 ಕಳೆದು 120. ಎಡಕ್ಕೆ ತಿರುಗಿದ್ದೂ ಬಲಕ್ಕೆ ತಿರುಗಿದ್ದೂ ಸಮವಾಗಿ, ಹೊರಟ ದಿಕ್ಕಿಗೇ ಮುಖಮಾಡಿ ಅದು ನಿಂತರೆ ಲೆಕ್ಕ ಸರಿ.

ಈಗ ಉದ್ದಗಳನ್ನು ಸಾಲಾಗಿ ಬರೆಯಿರಿ: 27, 36, 48, 64. ಪ್ರತಿಸಲವೂ ಮೂರರಲ್ಲೊಂದು ಪಾಲು ಏರಿಕೆ. ಹತ್ತನೆಯ ಹೆಜ್ಜೆಗೆ ಸುಮಾರು 4.8 ಮೀಟರ್, ಮುಂದೆ ಮಿತಿಯೇ ಇಲ್ಲ. ಆದರೂ ರೇಖೆ ಹಾಳೆ ದಾಟುವುದಿಲ್ಲ. ಎತ್ತರ ಮೊದಲ ಗೋಪುರದ 7.8 ಸೆಂ.ಮೀ.ಗೇ ನಿಂತಿದೆ. ಸಮಬಾಹು ತ್ರಿಭುಜದ ಮೂರೂ ಬದಿಗೆ ಹೊರಮುಖವಾಗಿ ಇದನ್ನೇ ಮಾಡಿದರೆ ಸಿಗುವ ಹಿಮದ ಹರಳಿನ ವಿಸ್ತೀರ್ಣವೂ ಮೊದಲ ತ್ರಿಭುಜದ 1.6 ಪಟ್ಟನ್ನು ಮೀರದು. ಹೊಸ ಗೋಪುರಗಳು ನಾಲ್ಕು ಪಟ್ಟಾದರೂ ಒಂದೊಂದರ ವಿಸ್ತೀರ್ಣ ಒಂಬತ್ತರಲ್ಲೊಂದಕ್ಕೆ ಕುಗ್ಗುತ್ತದಲ್ಲ!

ಇದರ ಆಯಾಮ 1.26 ಅಂದಾಗ ಓದುಗರು ಬೆಚ್ಚುವುದು ಸಹಜ. ಲಾಗರಿದಮ್ ಪಕ್ಕಕ್ಕಿಟ್ಟು ಮೂರು ಪಟ್ಟು ಹಿಗ್ಗಿಸಿ ನೋಡೋಣ. ನೇರ ಗೆರೆ ಹಿಗ್ಗಿದರೆ ಮೊದಲಿನಂಥವು 3 ಸಿಗುತ್ತವೆ, ಚೌಕದಲ್ಲಿ 9, ನಮ್ಮ ರೇಖೆಯಲ್ಲಿ 4. ಮೂರರ ಒಂದನೆಯ ಘಾತ 3, ಎರಡನೆಯದು 9; ಆ ಘಾತವೇ ಆಯಾಮ, ಗೆರೆಗೆ 1, ಚೌಕಕ್ಕೆ 2. 4 ಸಿಗಬೇಕಾದರೆ ಘಾತ ಒಂದಕ್ಕೂ ಎರಡಕ್ಕೂ ನಡುವೆ ಇರಲೇಬೇಕು, ಅದೇ 1.26. ತುಂಡು ಇಡೀ ಆಕೃತಿಯಂತಿದ್ದರೆ ಸಾಕು, ಫ್ರ್ಯಾಕ್ಟಲ್ ಆಯಿತು ಎಂದು ಬರೆಯುವವರು ಇಲ್ಲೇ ತಪ್ಪುತ್ತಾರೆ. ನೇರ ಗೆರೆಯ ತುಂಡೂ ನೇರ ಗೆರೆಯೇ, ಆದರೆ ಅದರ ಆಯಾಮ ಬರೀ 1.

ಕೈಯಲ್ಲಿ ಬರೆಯುವುದಾದರೆ ನಾಲ್ಕನೆಯ ಹೆಜ್ಜೆಗೆ, 3.3 ಮಿ.ಮೀ.ನ 256 ತುಂಡಿಗೆ, ನಿಲ್ಲಿಸಿ. ಐದರಲ್ಲಿ ತುಂಡು 1.1 ಮಿ.ಮೀ., ಆರರಲ್ಲಿ 0.37; 0.5ರ ಸೀಸದ ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪ.